ಹಿರಿಯರ ಸಮಾಧಿ, ಮಕ್ಕಳ ಪಾಳಿ

ಏಪ್ರಿಲ್ ಮೊದಲ ವಾರ ಬಂತೆಂದರೆ ಚೀನಾದಲ್ಲಿ ಸ್ಮಶಾನದ ದಾರಿಗಳಲ್ಲಿ ಜಾತ್ರೆಯ ಜನ. ದೊಡ್ಡ ನಗರಗಳಲ್ಲಿ ಸ್ಮಶಾನಕ್ಕೆಂದೇ ವಿಶೇಷ ಬಸ್ಸುಗಳು ಓಡುತ್ತವೆ, ಪೊಲೀಸರು ಸಂಚಾರ ನಿಯಂತ್ರಣಕ್ಕೆ ನಿಲ್ಲುತ್ತಾರೆ. ದಕ್ಷಿಣದ ಗುವಾಂಗ್‌ಡಾಂಗ್, ಫುಜಿಯಾನ್ ಕಡೆಯ ಗುಡ್ಡಗಳಲ್ಲಿ ಕಾಲುದಾರಿ ಹಿಡಿದು ಹತ್ತುವ ಕುಟುಂಬಗಳ ಕೈಯಲ್ಲಿ ಕುಡುಗೋಲು, ಪೊರಕೆ, ಕೆಂಪು ಬಣ್ಣದ ಡಬ್ಬಿ. ಹಿಂದೆ ಬರುವವರ ಬುಟ್ಟಿಯಲ್ಲಿ ಬೇಯಿಸಿದ ಇಡೀ ಕೋಳಿ, ಕಿತ್ತಳೆ ಹಣ್ಣು, ಅಕ್ಕಿಯ ಮದ್ಯ, ಊದುಬತ್ತಿ, ಕಟ್ಟುಗಟ್ಟಲೆ ಕಾಗದದ ನೋಟು. ಚಿಂಗ್‌ಮಿಂಗ್ ಹಬ್ಬವೆಂದರೆ ಇದು. ಸಮಾಧಿ ಗುಡಿಸುವ ಹಬ್ಬ.

ಚೀನೀ ಹಬ್ಬಗಳಲ್ಲಿ ಹೆಚ್ಚಿನವು ಚಾಂದ್ರಮಾನದ ತಿಥಿಯನ್ನು ಹಿಡಿದು ನಡೆಯುತ್ತವೆ. ಆದರೆ ಚಿಂಗ್‌ಮಿಂಗ್ ಸೌರಮಾನದ್ದು. ವರ್ಷವನ್ನು ಇಪ್ಪತ್ತನಾಲ್ಕು ಭಾಗ ಮಾಡುವ ರೈತರ ಪಂಚಾಂಗದಲ್ಲಿ ಅದು ಐದನೆಯದು. ವಸಂತ ವಿಷುವದ ಹದಿನೈದು ದಿನಗಳ ನಂತರ, ಏಪ್ರಿಲ್ 4ರಿಂದ 6ರ ನಡುವೆ ಬರುತ್ತದೆ. ಚಳಿ ಕಳೆದು ಹೊಲದ ಕೆಲಸ ಶುರುವಾಗುವ ಕಾಲ. ಹೊಲಕ್ಕೆ ಕೈ ಹಾಕುವ ಹೊತ್ತಿನಲ್ಲೇ ಹೊಲ ಬಿಟ್ಟುಹೋದವರ ಕಡೆಗೂ ಒಮ್ಮೆ ಹೋಗಿಬರುವುದು ರೈತಾಪಿ ಸಮಾಜದ ಲೆಕ್ಕಾಚಾರ.

ಈ ಆಚರಣೆಗೆ ಪುರೋಹಿತ ಬೇಕಿಲ್ಲ, ಮಂತ್ರವಿಲ್ಲ, ಧರ್ಮಗ್ರಂಥವಿಲ್ಲ. ಸತ್ತ ಮೇಲೆ ಏನಾಗುತ್ತದೆ ಎಂದು ಅಲ್ಲಿ ನೆರೆದವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟಾರು. ಆದರೆ ಏನು ಮಾಡಬೇಕು ಎಂಬುದರಲ್ಲಿ ಗೊಂದಲವಿಲ್ಲ. ವಯಸ್ಸಾದ ತಂದೆ-ತಾಯಿ ಇರುವ ಮನೆಯಲ್ಲಿ ಮಕ್ಕಳು ಮಾಡುವುದನ್ನೇ ಇಲ್ಲಿಯೂ ಮಾಡುತ್ತಾರೆ: ಕಸ ಗುಡಿಸುತ್ತಾರೆ, ಊಟ ಬಡಿಸುತ್ತಾರೆ, ಖರ್ಚಿಗೆ ಹಣ ಕೊಡುತ್ತಾರೆ, ಮನೆಯ ಸುದ್ದಿ ಹೇಳುತ್ತಾರೆ. ರಾಜವಂಶಗಳು ಉರುಳಿದವು, ರೋಮ್‌ನಿಂದ ನಿಷೇಧ ಬಂತು, ಕ್ರಾಂತಿಯಾಯಿತು, ಬುಲ್ಡೋಜರ್ ಬಂತು. ಇಷ್ಟಾದರೂ ಈ ಆಚರಣೆ ಉಳಿಯಲು ಅದು ನಂಬಿಕೆಗಿಂತ ಹೆಚ್ಚಾಗಿ ಕೆಲಸವಾಗಿದ್ದುದೇ ಕಾರಣ.

ಕಳೆ, ಬಣ್ಣ, ಕಾಗದ

ಮೊದಲು ಕಳೆ ಕೀಳಬೇಕು. ದಕ್ಷಿಣ ಚೀನಾದ ಹಳೆಯ ಸಮಾಧಿಗಳು ಗುಡ್ಡದ ಇಳಿಜಾರಿನಲ್ಲಿ ಕುದುರೆ ಲಾಳದ ಆಕಾರದಲ್ಲಿರುತ್ತವೆ. ಬೆನ್ನಿಗೆ ಗುಡ್ಡ, ಎದುರಿಗೆ ತೆರೆದ ಬಯಲು ಅಥವಾ ನೀರು. ವರ್ಷವಿಡೀ ಬೆಳೆದ ಹುಲ್ಲು, ಪೊದೆ ಅವನ್ನು ಮುಚ್ಚಿರುತ್ತದೆ. ಉತ್ತರದ ಬಯಲು ಸೀಮೆಯಲ್ಲಿ ಸಮಾಧಿಯೆಂದರೆ ಹೊಲದ ನಡುವಿನ ಮಣ್ಣಿನ ದಿಬ್ಬ. ಮಳೆಗೆ ಕರಗಿದ ದಿಬ್ಬಕ್ಕೆ ಸಲಿಕೆಯಿಂದ ಹೊಸ ಮಣ್ಣು ಏರಿಸುತ್ತಾರೆ. ಕಲ್ಲಿನ ಮೇಲೆ ಮಾಸಿದ ಅಕ್ಷರಗಳಿಗೆ ಕುಂಚದಿಂದ ಕೆಂಪು ಅಥವಾ ಬಂಗಾರದ ಬಣ್ಣ ತುಂಬುತ್ತಾರೆ. ಸತ್ತವರ ಹೆಸರೊಂದೇ ಅಲ್ಲ, ಅವರ ಮೂಲ ಊರು, ಸಮಾಧಿ ಕಟ್ಟಿಸಿದ ಮಕ್ಕಳು ಮೊಮ್ಮಕ್ಕಳ ಹೆಸರೂ ಅಲ್ಲಿರುತ್ತದೆ. ಅಜ್ಜನ ಹೆಸರಿಗೆ ಬಣ್ಣ ಹಚ್ಚುವ ಹುಡುಗ ಅದೇ ಕಲ್ಲಿನಲ್ಲಿ ತನ್ನ ಅಪ್ಪನ ಹೆಸರನ್ನೂ ಓದುತ್ತಾನೆ.

ಆಮೇಲೆ ಸಮಾಧಿಯ ಮೇಲೆ ಅಲ್ಲಲ್ಲಿ ಕಾಗದದ ಹಾಳೆ ಇಟ್ಟು ಗಾಳಿಗೆ ಹಾರದಂತೆ ಕಲ್ಲು ಹೇರುತ್ತಾರೆ. ಈ ವರ್ಷ ವಾರಸುದಾರರು ಬಂದುಹೋದರು ಎಂಬುದಕ್ಕೆ ಅದು ಗುರುತು. ವರ್ಷಗಟ್ಟಲೆ ಕಾಗದ ಕಾಣದ ಸಮಾಧಿಯೆಂದರೆ ಆ ವಂಶ ಮುಗಿಯಿತೆಂದೋ ಊರು ಬಿಟ್ಟಿತೆಂದೋ ನೆರೆಯವರು ತಿಳಿಯುತ್ತಾರೆ.

ಪೂಜೆಯಲ್ಲಿ ಮೊದಲ ಮರ್ಯಾದೆ ಅಲ್ಲಿನ ನೆಲಕ್ಕೆ. ಸಮಾಧಿಯ ಪಕ್ಕದಲ್ಲಿ ಭೂದೇವತೆಯ ಚಿಕ್ಕ ಕಲ್ಲೊಂದಿರುತ್ತದೆ. ಹಿರಿಯರು ಮಲಗಿರುವುದು ಆ ದೇವತೆಯ ಜಾಗದಲ್ಲಿ. ಹಾಗಾಗಿ ಊದುಬತ್ತಿ ಮೊದಲು ಅಲ್ಲಿ. ನಂತರ ಸಮಾಧಿಯ ಮುಂದೆ ಎಡೆ: ಅನ್ನದ ಬಟ್ಟಲು, ಊಟದ ಕಡ್ಡಿ, ಚಹಾ ಮತ್ತು ಮದ್ಯದ ಪುಟ್ಟ ಲೋಟಗಳು, ಕೋಳಿ, ಹಂದಿಮಾಂಸ, ಮೀನು, ಹಣ್ಣು. ಸತ್ತವರಿಗೆ ಇಷ್ಟವಾಗಿದ್ದ ಸಿಗರೇಟೋ ಸಿಹಿಯೋ ಇದ್ದರೆ ಅದೂ. ಹಿರಿಯರಿಂದ ಕಿರಿಯರವರೆಗೆ ಸರದಿಯಂತೆ ಮೂರು ಊದುಬತ್ತಿ ಹಿಡಿದು ಬಾಗುತ್ತಾರೆ. ಹಳೆಯ ಪದ್ಧತಿ ಉಳಿಸಿಕೊಂಡವರು ಮಂಡಿಯೂರಿ ಹಣೆಯನ್ನು ನೆಲಕ್ಕೆ ಮುಟ್ಟಿಸುತ್ತಾರೆ. ಮೊಮ್ಮಗಳಿಗೆ ಕೆಲಸ ಸಿಕ್ಕಿತು, ಮನೆಗೆ ಸೊಸೆ ಬಂದಳು ಎಂದು ಯಾರಾದರೊಬ್ಬರು ಗಟ್ಟಿಯಾಗಿ ಹೇಳುತ್ತಾರೆ.

ಊಟವಾಯಿತೇ ಎಂದು ಸತ್ತವರನ್ನು ಕೇಳುವ ಉಪಾಯವೂ ಇದೆ. ತೈವಾನ್ ಮತ್ತು ಫುಜಿಯಾನ್ ಕಡೆಯವರು ಅರ್ಧಚಂದ್ರಾಕಾರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಎಸೆಯುತ್ತಾರೆ. ಒಂದರ ಚಪ್ಪಟೆ ಬದಿ, ಇನ್ನೊಂದರ ಉಬ್ಬಿದ ಬದಿ ಮೇಲೆ ಬಂದರೆ ‘ಹೌದು’. ಇಲ್ಲವಾದರೆ ಇನ್ನಷ್ಟು ಹೊತ್ತು ಕಾಯಬೇಕು. ಮರದ ತುಂಡಿಲ್ಲದ ಕಡೆ ಎರಡು ನಾಣ್ಯ ಸಾಕು. ಒಪ್ಪಿಗೆ ಸಿಕ್ಕ ಮೇಲೆಯೇ ಕಾಗದ ಸುಡುವುದು, ಪಟಾಕಿ ಹಚ್ಚುವುದು.

ಕೊನೆಗೆ ಎಡೆಯ ಪದಾರ್ಥವನ್ನೆಲ್ಲ ಎಲ್ಲರೂ ಕೂತು ತಿನ್ನುತ್ತಾರೆ. ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಎಡೆ ಇಟ್ಟು ಅದನ್ನೇ ಮನೆಮಂದಿ ಉಣ್ಣುವ ನಮ್ಮವರಿಗೆ ಇದು ಹೊಸದೆನಿಸದು. ಕ್ಯಾಂಟನ್ ಮೂಲದವರಿಗೆ ಗರಿಗರಿ ಚರ್ಮದ ಸುಟ್ಟ ಹಂದಿ ಇರಲೇಬೇಕು. ಶಾಂಘೈ ಸುತ್ತಮುತ್ತ ಎಳೆ ಸೊಪ್ಪಿನ ರಸ ಬೆರೆಸಿದ ಅಂಟು ಅಕ್ಕಿಹಿಟ್ಟಿನ ಹಸಿರು ಉಂಡೆ ಈ ಹಬ್ಬದ ತಿಂಡಿ. ಮಲೇಷ್ಯಾ, ಸಿಂಗಪುರದ ಕೆಲವು ಕುಟುಂಬಗಳು ಕಪ್ಪೆಚಿಪ್ಪಿನ ಮಾಂಸ ತಿಂದು ಚಿಪ್ಪುಗಳನ್ನು ಸಮಾಧಿಯ ಮೇಲೆಯೇ ಹರಡಿ ಬರುತ್ತಿದ್ದವು. ಸತ್ತವರ ಪಕ್ಕದಲ್ಲಿ ಕೂತು ನಗುತ್ತ, ಹರಟುತ್ತ, ಮಕ್ಕಳನ್ನು ಗದರುತ್ತ ಊಟ ಮಾಡುವುದು ಅಲ್ಲಿ ಅಗೌರವವಲ್ಲ.

ಯಮಲೋಕದ ಬ್ಯಾಂಕು

ಸುಡುವ ಕಾಗದದ್ದೇ ಒಂದು ಅರ್ಥಶಾಸ್ತ್ರ. ತಗಡಿನ ಹೊಳಪು ಹಚ್ಚಿದ ಬೆಳ್ಳಿ-ಬಂಗಾರದ ಹಾಳೆಗಳು ಹಳೆಯ ಕ್ರಮ. ಯಮಲೋಕದ ಬ್ಯಾಂಕಿನ ಹೆಸರಿನಲ್ಲಿ ಅಚ್ಚಾದ, ಕೋಟಿಗಟ್ಟಲೆ ಮುಖಬೆಲೆಯ ನೋಟುಗಳು ಆಮೇಲಿನವು. ಬಿದಿರಿನ ಚೌಕಟ್ಟಿಗೆ ಬಣ್ಣದ ಕಾಗದ ಅಂಟಿಸಿ ಮನೆ, ಆಳುಕಾಳು, ಕಾರು, ಟಿವಿ, ಮೊಬೈಲ್ ಮಾಡಿಕೊಡುವ ಕುಶಲಕರ್ಮಿಗಳು ಹಾಂಗ್‌ಕಾಂಗ್‌ನಲ್ಲಿ ಈಗಲೂ ಇದ್ದಾರೆ. ಬದುಕಿದ್ದಾಗ ಬಾಡಿಗೆಯ ಒಂಟಿ ಕೋಣೆಯಲ್ಲಿದ್ದ ತಾಯಿಗೆ ಮಗ ಎರಡಂತಸ್ತಿನ ಕಾಗದದ ಬಂಗಲೆ ಸುಟ್ಟು ಕಳಿಸಬಹುದು.

2016ರಲ್ಲಿ ಗುಚ್ಚಿ ಕಂಪನಿ ಹಾಂಗ್‌ಕಾಂಗ್‌ನ ಇಂಥ ಅಂಗಡಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. ಸತ್ತವರಿಗೆಂದು ಮಾರುತ್ತಿದ್ದ ಕಾಗದದ ಕೈಚೀಲಗಳ ಮೇಲೆ ತನ್ನ ಗುರುತು ಇದೆ, ಅದು ಟ್ರೇಡ್‌ಮಾರ್ಕ್ ಉಲ್ಲಂಘನೆ ಎಂಬುದು ಅದರ ತಕರಾರು. ಊರಿಗೆ ಊರೇ ನಕ್ಕಿತು, ಸಿಟ್ಟೂ ಆಯಿತು. ಕಂಪನಿ ಕ್ಷಮೆ ಕೇಳಿತು.

ಮೂಳೆಗೂ ಮನೆ, ಹೆಸರಿಗೂ ಮನೆ

ಒಬ್ಬ ಮನುಷ್ಯನಲ್ಲಿ ಎರಡು ಬಗೆಯ ಚೇತನವಿದೆ ಎಂಬುದು ಚೀನೀಯರ ಹಳೆಯ ಎಣಿಕೆ. ಹಗುರವಾದ ‘ಹುನ್’ ಮೇಲೇರುತ್ತದೆ. ಮನೆಯ ಪೂಜಾಸ್ಥಳದಲ್ಲಿ ಹೆಸರು ಬರೆದಿಟ್ಟ ಮರದ ಫಲಕ ಅದಕ್ಕೆ ನೆಲೆ. ಭಾರವಾದ ‘ಪೊ’ ದೇಹದೊಂದಿಗೆ ಮಣ್ಣಿಗಿಳಿಯುತ್ತದೆ. ಸಮಾಧಿಯೇ ಅದರ ನೆಲೆ. ಹಾಗಾಗಿ ಮನೆಯಲ್ಲಿ ದಿನವೂ ಊದುಬತ್ತಿ ಹಚ್ಚುವವರಿಗೂ ವರ್ಷಕ್ಕೊಮ್ಮೆ ಗುಡ್ಡ ಹತ್ತುವುದು ತಪ್ಪುವುದಿಲ್ಲ.

ಗುವಾಂಗ್‌ಡಾಂಗ್ ಮತ್ತು ಹಾಂಗ್‌ಕಾಂಗ್‌ನ ಹಳ್ಳಿಗಳಲ್ಲಿ ಒಂದೇ ಸಲ ಹೂಳಿದರೆ ಮುಗಿಯುತ್ತಿರಲಿಲ್ಲ. ಕೆಲವು ವರ್ಷಗಳ ನಂತರ ಪೆಟ್ಟಿಗೆ ತೆರೆದು, ಮೂಳೆಗಳನ್ನು ಒಂದೊಂದಾಗಿ ಒರೆಸಿ, ಎತ್ತರದ ಮಣ್ಣಿನ ಭರಣಿಯಲ್ಲಿ ಕೂತ ಭಂಗಿಯ ಕ್ರಮಕ್ಕೆ ಜೋಡಿಸುತ್ತಿದ್ದರು. ಕಾಲಿನ ಮೂಳೆ ಕೆಳಗೆ, ತಲೆಬುರುಡೆ ಮೇಲೆ. ಚೀನೀ ವಾಸ್ತುವಾದ ಫೆಂಗ್‌ಶುಯಿ ಬಲ್ಲವನು ಒಳ್ಳೆಯ ಜಾಗ ಗುರುತಿಸಿದರೆ ಭರಣಿಗೆ ಶಾಶ್ವತ ಸಮಾಧಿ. ಇಲ್ಲದಿದ್ದರೆ ಅದು ಗುಡ್ಡದ ಬದಿಯಲ್ಲೇ ಕಾಯುತ್ತ ಇರಬೇಕು. ಸರಿಯಾದ ಜಾಗದಲ್ಲಿ ಕೂತ ಹಿರಿಯನ ಮೂಳೆಯಿಂದ ಮಕ್ಕಳಿಗೆ ಸಂತಾನ, ಸಂಪತ್ತು ಹರಿದುಬರುತ್ತದೆಂದು ನಂಬಿಕೆ. ಅಣ್ಣನಿಗೆ ಒಳಿತು ತರುವ ದಿಕ್ಕು ತಮ್ಮನಿಗೆ ಒಗ್ಗದೆ ಜಗಳವಾದದ್ದೂ ಉಂಟು.

ಹಾಂಗ್‌ಕಾಂಗ್‌ನ ನ್ಯೂ ಟೆರಿಟರೀಸ್ ಹಳ್ಳಿಗಳ ದೊಡ್ಡ ವಂಶಗಳು ಮೂಲಪುರುಷನ ಸಮಾಧಿಗೆ ಹೋಗುವುದು ಶರತ್ಕಾಲದಲ್ಲಿ, ಚಾಂದ್ರಮಾನದ ಒಂಬತ್ತನೇ ತಿಂಗಳ ಒಂಬತ್ತನೇ ದಿನದ ಹಬ್ಬದ ಸುಮಾರಿಗೆ. ಆ ಸಮಾಧಿಯ ಹೆಸರಿನಲ್ಲಿ ಜಮೀನಿರುತ್ತದೆ. ಅದರ ಗೇಣಿಯಿಂದ ಪೂಜೆಯ ಖರ್ಚು. ಸುಟ್ಟ ಹಂದಿಯನ್ನು ಮೂಲಪುರುಷನಿಗೆ ಅರ್ಪಿಸಿ, ಕತ್ತರಿಸಿ, ತೂಗಿ, ವಂಶದ ಗಂಡಸರಿಗೆ ಪಾಲು ಹಂಚುತ್ತಾರೆ. ಗಂಡು ಹುಟ್ಟಿದರೆ ಹೊಸ ಪಾಲು. ವಂಶದ ನಿಯಮ ಮುರಿದವನಿಗೆ ಪಾಲಿಲ್ಲ. ಯಾರು ನಮ್ಮವರು, ಯಾರಲ್ಲ ಎಂಬುದಕ್ಕೆ ಆ ಮಾಂಸದ ತುಂಡೇ ದಾಖಲೆ. ಹೆಣ್ಣುಮಕ್ಕಳು ಈ ಲೆಕ್ಕದಿಂದ ಹೊರಗಿದ್ದರು. ಪಿತೃಭಕ್ತಿಯನ್ನು ಕೊಂಡಾಡುವಾಗ ಈ ಮಾತನ್ನು ಮರೆಯಬಾರದು. ಸಮಾಧಿಯ ಮುಂದಿನ ಸರದಿ ಪ್ರೀತಿಯ ಸರದಿಯಷ್ಟೇ ಅಲ್ಲ, ಆಸ್ತಿಯ ಸರದಿಯೂ ಆಗಿತ್ತು.

ಈ ಸರದಿಯಲ್ಲಿ ಬರಲು ಯಾರೂ ಇಲ್ಲದೆ ಸತ್ತವರ ಗತಿ? ಅವರು ಹಸಿದ ಪ್ರೇತಗಳಾಗುತ್ತಾರೆ. ಒಬ್ಬರ ಪಿತೃ ಇನ್ನೊಬ್ಬರಿಗೆ ಪ್ರೇತ; ನಡುವಿನ ವ್ಯತ್ಯಾಸ ಊಟ ಕೊಡುವವರು ಇದ್ದಾರೋ ಇಲ್ಲವೋ ಎಂಬುದಷ್ಟೆ. ಚಾಂದ್ರಮಾನದ ಏಳನೇ ತಿಂಗಳಿನಲ್ಲಿ ಊರಿನವರು ರಸ್ತೆಬದಿಯಲ್ಲಿ ಇಡುವ ಎಡೆ ಇಂಥ ಅನಾಥರಿಗಾಗಿ.

ಬೆಂಕಿಯಿಲ್ಲದ ದಿನದಿಂದ ಬಂದ ಹಬ್ಬ

ಚಿಂಗ್‌ಮಿಂಗ್ ತನ್ನೊಳಗೆ ಇನ್ನೊಂದು ಹಬ್ಬವನ್ನು ನುಂಗಿಕೊಂಡಿದೆ. ಅದರ ಹಿಂದಿನ ದಿನಗಳಲ್ಲಿ ಒಲೆ ಹಚ್ಚದೆ ತಣ್ಣನೆಯ ಊಟ ಮಾಡುವ ‘ಹಾನ್‌ಶಿ’ ಎಂಬ ಆಚರಣೆಯಿತ್ತು. ಕ್ರಿಸ್ತಪೂರ್ವ ಏಳನೇ ಶತಮಾನದ ಜಿನ್ ರಾಜ್ಯದ ಕಥೆಯೊಂದು ಅದಕ್ಕೆ ಅಂಟಿಕೊಂಡಿದೆ. ದೇಶಭ್ರಷ್ಟನಾಗಿ ಅಲೆಯುತ್ತಿದ್ದ ರಾಜಕುಮಾರ ಚೊಂಗ್‌ಎರ್ ಹಸಿದಾಗ ಅವನ ಸೇವಕ ಜಿಯೆ ಝಿಟುಯಿ ತನ್ನ ತೊಡೆಯ ಮಾಂಸವನ್ನೇ ಬೇಯಿಸಿ ಬಡಿಸಿದನಂತೆ. ಪಟ್ಟವೇರಿದ ಮೇಲೆ ರಾಜ ಇವನನ್ನು ಮರೆತ. ಜಿಯೆ ತಾಯಿಯೊಂದಿಗೆ ಕಾಡು ಸೇರಿದ. ತಪ್ಪು ಅರಿವಾಗಿ ಅವನನ್ನು ಹೊರಗೆ ತರಲು ರಾಜ ಕಾಡಿಗೆ ಬೆಂಕಿ ಹಾಕಿಸಿದ. ಇಬ್ಬರೂ ಅಲ್ಲೇ ಸುಟ್ಟುಹೋದರು. ಆ ಪಶ್ಚಾತ್ತಾಪಕ್ಕೆ ಬೆಂಕಿಯಿಲ್ಲದ ದಿನ.

ಇದು ಐತಿಹ್ಯ. ಇತಿಹಾಸಕ್ಕೆ ಸಿಗುವುದು ಟಾಂಗ್ ವಂಶದ ಚಕ್ರವರ್ತಿ ಶುವಾನ್‌ಜೊಂಗ್ 732ರಲ್ಲಿ ಹೊರಡಿಸಿದ ಆಜ್ಞೆ. ಪ್ರಾಚೀನ ವಿಧಿಗ್ರಂಥಗಳಲ್ಲಿ ಸಮಾಧಿಯ ಬಳಿಯ ಪೂಜೆ ಇಲ್ಲದಿದ್ದರೂ ಜನ ಹಾನ್‌ಶಿಯ ಹೊತ್ತಿಗೆ ಸಮಾಧಿಗೆ ಹೋಗುವುದು ರೂಢಿಯಾಗಿಬಿಟ್ಟಿದೆ. ಆದ್ದರಿಂದ ಅದನ್ನು ಅಧಿಕೃತ ವಿಧಿಗಳಲ್ಲಿ ಸೇರಿಸಬೇಕೆಂಬುದು ಅದರ ಸಾರ. ಜನ ಮಾಡಿದರು, ಅರಸ ಒಪ್ಪಿದ. ಮುಂದೆಯೂ ಹಲವು ಸಲ ನಡೆದದ್ದು ಇದೇ.

ರೋಮ್ ಬೇಡವೆಂದಿತು, ಮಾವೊ ಬೇಡವೆಂದ

ಹದಿನಾರನೇ ಶತಮಾನದ ಕೊನೆಯಲ್ಲಿ ಚೀನಾಕ್ಕೆ ಬಂದ ಜೆಸ್ಯೂಟ್ ಪಾದ್ರಿ ಮತ್ತೇಯೊ ರಿಚ್ಚಿ, ಪಿತೃಗಳಿಗೆ ತಲೆಬಾಗುವುದು ಗೌರವವೇ ಹೊರತು ವಿಗ್ರಹಾರಾಧನೆಯಲ್ಲ ಎಂದು ವಾದಿಸಿದ. ಕ್ರೈಸ್ತರಾದ ಚೀನೀಯರು ಅದನ್ನು ಮುಂದುವರಿಸಬಹುದು ಎಂಬುದು ಅವನ ನಿಲುವು. ಬೇರೆ ಪಂಗಡದ ಪಾದ್ರಿಗಳು ಒಪ್ಪಲಿಲ್ಲ. ಜಗಳ ರೋಮ್‌ಗೆ ಹೋಯಿತು. ಪೋಪ್ ಹನ್ನೊಂದನೇ ಕ್ಲೆಮೆಂಟ್ 1704ರಲ್ಲಿ, ಮತ್ತೆ 1715ರಲ್ಲಿ ಈ ಆಚರಣೆ ನಿಷೇಧಿಸಿದರು. ಕಾಂಗ್‌ಶಿ ಚಕ್ರವರ್ತಿ ಕೆರಳಿ 1721ರಲ್ಲಿ ಕ್ರೈಸ್ತ ಪ್ರಚಾರಕ್ಕೇ ತಡೆ ಹಾಕಿದ. ನಿಷೇಧ ಸಡಿಲವಾದದ್ದು 1939ರಲ್ಲಿ. ರಿಚ್ಚಿ ಹೇಳಿದ್ದು ಸರಿ ಎಂದು ಒಪ್ಪಲು ಚರ್ಚಿಗೆ ಎರಡು ಶತಮಾನಕ್ಕೂ ಹೆಚ್ಚು ಬೇಕಾಯಿತು.

ಕಮ್ಯುನಿಸ್ಟರ ತಕರಾರು ಬೇರೆಯದು: ಸಮಾಧಿಗಳು ಉಳುವ ನೆಲ ತಿನ್ನುತ್ತವೆ, ಪೆಟ್ಟಿಗೆಗಳು ಮರ ತಿನ್ನುತ್ತವೆ. 1956ರಲ್ಲಿ ಮಾವೊ ಮತ್ತು ನೂರೈವತ್ತಕ್ಕೂ ಹೆಚ್ಚು ನಾಯಕರು ತಮ್ಮನ್ನು ಹೂಳದೆ ಸುಡಬೇಕೆಂದು ಸಹಿ ಹಾಕಿದರು. ಹತ್ತು ವರ್ಷಗಳ ನಂತರದ ಸಾಂಸ್ಕೃತಿಕ ಕ್ರಾಂತಿಯಲ್ಲಿ ವಾದ ಹೋಗಿ ಹಾರೆ ಬಂತು. 1966ರ ನವೆಂಬರ್‌ನಲ್ಲಿ ಮಾವೊನ ಯುವ ಬೆಂಬಲಿಗರಾದ ರೆಡ್ ಗಾರ್ಡ್‌ಗಳು ಕನ್‌ಫ್ಯೂಷಿಯಸ್‌ನ ಊರು ಚುಫುವಿಗೆ ನುಗ್ಗಿ, ಒಂದು ಲಕ್ಷಕ್ಕೂ ಮಿಕ್ಕಿ ಸಮಾಧಿಗಳಿರುವ ಅವನ ವಂಶದ ಸ್ಮಶಾನದಲ್ಲಿ ಹಲವನ್ನು ಅಗೆದುಹಾಕಿದರು. ಅದೇ ಸ್ಮಶಾನ 1994ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು.

ಚುಫುವಿನ ಆ ದಾಳಿ ನಡೆದ ಹತ್ತು ವರ್ಷಕ್ಕೆ ಚಿಂಗ್‌ಮಿಂಗ್ ಸರ್ಕಾರಕ್ಕೇ ತಿರುಗಿಬಿತ್ತು. 1976ರ ಜನವರಿಯಲ್ಲಿ ಪ್ರಧಾನಿ ಚೌ ಎನ್‌ಲಾಯ್ ತೀರಿಕೊಂಡರು. ಅವರ ಚಿತಾಭಸ್ಮವನ್ನು ಚೆಲ್ಲಲಾಗಿತ್ತು. ಗುಡಿಸಲು ಸಮಾಧಿಯೇ ಇರಲಿಲ್ಲ. ಏಪ್ರಿಲ್‌ನಲ್ಲಿ ಜನ ಬೀಜಿಂಗ್‌ನ ತಿಯೆನಾನ್‌ಮೆನ್ ಚೌಕದ ವೀರರ ಸ್ಮಾರಕವನ್ನೇ ಅವರ ಸಮಾಧಿ ಮಾಡಿಕೊಂಡು ಹೂಮಾಲೆ, ಕವಿತೆ ತಂದಿಟ್ಟರು. ಅಧಿಕಾರಿಗಳು ರಾತ್ರೋರಾತ್ರಿ ಅವನ್ನೆಲ್ಲ ತೆಗೆಸಿದರು. ಏಪ್ರಿಲ್ 5ರಂದು ಚೌಕದಲ್ಲಿ ಜನರ ಆಕ್ರೋಶ ಸ್ಫೋಟಗೊಂಡಿತು. ಬಲಪ್ರಯೋಗದಿಂದ ಅದನ್ನು ಅಡಗಿಸಲಾಯಿತು. ಪಕ್ಷ 1978ರಲ್ಲಿ ಆ ಘಟನೆಯನ್ನು ಕ್ರಾಂತಿಕಾರಿ ಎಂದು ಕರೆದು ತನ್ನ ಹಳೆಯ ತೀರ್ಪು ಬದಲಿಸಿತು.

2008ರಿಂದ ಚಿಂಗ್‌ಮಿಂಗ್ ಚೀನಾದಲ್ಲಿ ಸರ್ಕಾರಿ ರಜೆ. ಆದರೂ ನೆಲದ ಜಗಳ ಮುಗಿಯಲಿಲ್ಲ. 2012ರಲ್ಲಿ ಹೆನಾನ್ ಪ್ರಾಂತ್ಯದ ಝೋಕೋ ಆಡಳಿತ ಕೃಷಿಭೂಮಿ ಗಳಿಸಲೆಂದು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಸಮಾಧಿ ದಿಬ್ಬಗಳನ್ನು ನೆಲಸಮ ಮಾಡಿಸಿತು. ಮುಂದಿನ ಹೊಸವರ್ಷದ ಹೊತ್ತಿಗೆ ಊರಿಗೆ ಬಂದವರು ಬಹಳಷ್ಟು ದಿಬ್ಬಗಳನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟಿದರು. 2018ರಲ್ಲಿ ಜಿಯಾಂಗ್‌ಶಿ ಪ್ರಾಂತ್ಯದಲ್ಲಿ ಅಧಿಕಾರಿಗಳು ಮುದುಕರು ತಮಗಾಗಿ ಮಾಡಿಸಿಟ್ಟುಕೊಂಡಿದ್ದ ಶವಪೆಟ್ಟಿಗೆಗಳನ್ನು ಕಿತ್ತು ಒಡೆದಾಗ ದೇಶವೇ ಬೈಯಿತು.

ಗೋಡೆಯ ಗೂಡಿಗೆ ಇಳಿದ ಹಿರಿಯರು

ಬಲವಂತ ಸೋತ ಕಡೆ ಇಕ್ಕಟ್ಟು ಗೆದ್ದಿದೆ. ಹಾಂಗ್‌ಕಾಂಗ್‌ನ ಸಾರ್ವಜನಿಕ ಸ್ಮಶಾನದಲ್ಲಿ ಹೂಳಿದರೆ ಆರು ವರ್ಷಕ್ಕೆ ಮೂಳೆ ತೆಗೆಯಬೇಕು. ಅಲ್ಲೀಗ ಬಹುಪಾಲು ಶವಗಳನ್ನು ಸುಡುತ್ತಾರೆ. ಬೂದಿ ಇಡುವ ಗೋಡೆಯ ಗೂಡಿಗೂ ಒಂದು ಕಾಲಕ್ಕೆ ಕಾಯುವವರ ಸಾಲಿತ್ತು. ಸಿಂಗಪುರದಲ್ಲಿ 1998ರಿಂದ ಹೂಳುವ ಅವಧಿ ಹದಿನೈದು ವರ್ಷ. ಅಲ್ಲಿನ ಬಿಶಾನ್ ಬಡಾವಣೆ ನಿಂತಿರುವುದು ಕ್ಯಾಂಟನ್ ಮೂಲದವರ ಹಳೆಯ ಸ್ಮಶಾನದ ಮೇಲೆ. 1922ರಲ್ಲಿ ತೆರೆದು 1973ರಲ್ಲಿ ಮುಚ್ಚಿದ ಬುಕಿಟ್ ಬ್ರೌನ್ ಸ್ಮಶಾನದಲ್ಲಿ ಸುಮಾರು ಒಂದು ಲಕ್ಷ ಸಮಾಧಿಗಳಿದ್ದವು. 2011ರಲ್ಲಿ ಘೋಷಣೆಯಾದ ಹೆದ್ದಾರಿಗಾಗಿ ಮೂರೂವರೆ ಸಾವಿರಕ್ಕೂ ಹೆಚ್ಚನ್ನು ತೆರವು ಮಾಡಲಾಯಿತು. ಅಲ್ಲಿನ ಕೆಲವು ಶ್ರೀಮಂತರ ಸಮಾಧಿಗಳ ಇಕ್ಕೆಲದಲ್ಲಿ ಪೇಟ ಸುತ್ತಿದ ಸಿಖ್ ಕಾವಲುಗಾರರ ಕಲ್ಲಿನ ಮೂರ್ತಿಗಳಿವೆ. ಬದುಕಿದ್ದಾಗ ಅಂಗಡಿ, ಬಂಗಲೆ ಕಾದವರನ್ನೇ ಸತ್ತ ಮೇಲೂ ನೇಮಿಸಿಕೊಂಡಂತಿದೆ.

ನಮ್ಮ ದೇಶದಲ್ಲೂ ಇಂಥದೊಂದು ಸಮಾಧಿ ಇದೆ. ಕೋಲ್ಕತ್ತದ ದಕ್ಷಿಣಕ್ಕೆ, ಬಜ್‌ಬಜ್ ದಾಟಿ ಹೂಗ್ಲಿ ದಂಡೆಯ ಅಚಿಪುರದಲ್ಲಿ ಕೆಂಪು ಬಣ್ಣದ, ಕುದುರೆ ಲಾಳದ ಆಕಾರದ ಗೋರಿ. ಹದಿನೆಂಟನೇ ಶತಮಾನದ ಕೊನೆಗೆ ವಾರನ್ ಹೇಸ್ಟಿಂಗ್ಸ್‌ನಿಂದ ಜಮೀನು ಪಡೆದು ಸಕ್ಕರೆ ಕಾರ್ಖಾನೆ ಹಾಕಿದ ತಾಂಗ್ ಅಚ್ಯೂ ಅಲ್ಲಿ ಮಲಗಿದ್ದಾನೆ. ಊರಿಗೆ ಅವನದೇ ಹೆಸರು. ಕೋಲ್ಕತ್ತದ ಚೀನೀಯರು ತಮ್ಮ ಹೊಸವರ್ಷದ ಸುಮಾರಿಗೆ ಊದುಬತ್ತಿ, ಎಡೆ ಹಿಡಿದು ಅಲ್ಲಿಗೆ ಹೋಗುತ್ತಾರೆ. 1962ರ ಯುದ್ಧದ ವೇಳೆ ಭಾರತದ ಸುಮಾರು ಮೂರು ಸಾವಿರ ಚೀನೀ ಮೂಲದವರನ್ನು ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಲಾಗಿತ್ತು. ಆಮೇಲೆ ಅನೇಕರು ಕೆನಡಾಕ್ಕೆ ಹೋದರು. ಉಳಿದ ಕೆಲವೇ ಸಾವಿರ ಜನ ಅಚ್ಯೂನನ್ನು ಇಡೀ ಸಮುದಾಯದ ಮೂಲಪುರುಷನೆಂದು ನಡೆಸಿಕೊಂಡು ಬರುತ್ತಿದ್ದಾರೆ.

ಮುಂದಿನ ಪಾಳಿ ಯಾರದು?

2020ರ ಚಿಂಗ್‌ಮಿಂಗ್‌ನಲ್ಲಿ ವುಹಾನ್‌ನ ಸ್ಮಶಾನಗಳು ಕೋವಿಡ್‌ನಿಂದ ಮುಚ್ಚಿದ್ದವು. ಮಕ್ಕಳ ಪರವಾಗಿ ಸ್ಮಶಾನದ ಸಿಬ್ಬಂದಿಯೇ ಕಲ್ಲು ಒರೆಸಿ, ಹೂವಿಟ್ಟು ಬಾಗಿದರು. ಮೊಬೈಲಿನಲ್ಲಿ ದೀಪ ಹಚ್ಚುವ ಸೌಲಭ್ಯ ಈಗ ಮಾಮೂಲು. ಸತ್ತವರ ಮುಖ, ಧ್ವನಿಯನ್ನು ಕೃತಕ ಬುದ್ಧಿಮತ್ತೆಯಿಂದ ಮರುಸೃಷ್ಟಿಸಿ ಮಾತಾಡಿಸುವ ವ್ಯಾಪಾರವೂ ಶುರುವಾಗಿದೆ.

ನಿಜವಾದ ಒತ್ತಡ ತಂತ್ರಜ್ಞಾನದಿಂದ ಬಂದದ್ದಲ್ಲ. ಮೂರೂವರೆ ದಶಕದ ಒಂದೇ ಮಗುವಿನ ನೀತಿಯಲ್ಲಿ ಮೊದಮೊದಲು ಹುಟ್ಟಿದವರು ಈಗ ನಡುವಯಸ್ಸಿನವರು. ಗಂಡ-ಹೆಂಡತಿ ಇಬ್ಬರೂ ಒಂಟಿ ಮಕ್ಕಳಾದರೆ ನಾಲ್ವರು ಹೆತ್ತವರು, ಎಂಟು ಮಂದಿ ಅಜ್ಜ-ಅಜ್ಜಿಯರು. ಸಮಾಧಿಗಳು ಎರಡು ಪ್ರಾಂತ್ಯಗಳಲ್ಲಿ, ಇರುವುದು ಒಂದು ವಾರಾಂತ್ಯ. ಈ ಇಕ್ಕಟ್ಟು ಒಂದು ಒಳಿತನ್ನೂ ಮಾಡಿದೆ. ಹಂದಿಮಾಂಸದ ಪಾಲಿಗೆ ಲೆಕ್ಕಕ್ಕಿಲ್ಲದಿದ್ದ ಹೆಣ್ಣುಮಕ್ಕಳೇ ಇವತ್ತು ಎಷ್ಟೋ ಮನೆಗಳಲ್ಲಿ ಪೊರಕೆ ಹಿಡಿದು ಹೋಗುವ ಏಕೈಕ ವಾರಸುದಾರರು.

ಹೂಳುವುದು ಇನ್ನೂ ಕಡಿಮೆಯಾಗುತ್ತದೆ, ಸಮಾಧಿ ಇನ್ನೂ ಕುಗ್ಗುತ್ತದೆ. ಅದನ್ನು ಜನ ಬಹುಮಟ್ಟಿಗೆ ಒಪ್ಪಿಕೊಂಡಿದ್ದಾರೆ. ಅವರು ಒಪ್ಪದಿರುವುದು ಹೋಗಿಬರುವುದನ್ನು ತಡೆಯುವವರನ್ನು. ಗುಡ್ಡದ ಗೋರಿಯ ಬದಲು ಗೋಡೆಯಲ್ಲೊಂದು ಗೂಡು ಕೊಟ್ಟ ಆಡಳಿತಗಳಿಗೆ ಸಹಕಾರ ಸಿಕ್ಕಿತು. ಬಲವಂತದಿಂದ ದಿಬ್ಬ ಕೆಡವಿದವರಿಗೆ ಸಿಕ್ಕಿದ್ದು ಮತ್ತೆ ಎದ್ದ ದಿಬ್ಬ. ಟಾಂಗ್ ಚಕ್ರವರ್ತಿಗೆ 732ರಲ್ಲೇ ಗೊತ್ತಿದ್ದ ಈ ಮಾತನ್ನು ಆಮೇಲೆ ಬಂದವರು ಪ್ರತಿ ಸಲವೂ ಹೊಸದಾಗಿ ಕಲಿಯಬೇಕಾಯಿತು.